‘ಶ’ ಖಾನೆಯಲ್ಲಿ ನೂಕುನುಗ್ಗಲು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೊನ್ನಾಳಿಯಲ್ಲಿ ಪಾಠ ಹೇಳುತ್ತ, ಜಗಳೂರು ಸೀಮೆಯ ಕುರಿಗಾಹಿಗಳ ಮಾತಿನ ಮೇಲೆ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೆ. ತಿಂಗಳ ಕೊನೆಯೊಳಗೆ ಒಪ್ಪಿಸದಿದ್ದರೆ ನೋಂದಣಿ ರದ್ದು. ವರ್ಷಗಟ್ಟಲೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ.

ಓದಿದ ಪುಸ್ತಕಕ್ಕೊಂದು ಕಾರ್ಡು ಇರಬೇಕಿತ್ತು. ಪ್ರಬಂಧದೊಳಗೆ ಪ್ರತಿ ಸಲ ಪುಸ್ತಕದ ಪೂರ್ತಿ ವಿವರ ಬರೆಯುವ ಬದಲು ಒಂದು ಗುರುತು ಹಾಕಿದ್ದೆ: ಲೇಖಕರ ಹೆಸರಿನ ಮೊದಲ ಅಕ್ಷರ, ಪಕ್ಕದಲ್ಲಿ ಪುಸ್ತಕ ಅಚ್ಚಾದ ಇಸವಿಯ ಕೊನೆಯ ಎರಡಂಕಿ. ಕಾರ್ಡಿನ ಮೂಲೆಯಲ್ಲೂ ಅದೇ ಗುರುತು ಬಿದ್ದು, ಕಾರ್ಡುಗಳು ಅಕಾರಾದಿಯಾಗಿ ಕೂತುಬಿಟ್ಟರೆ ಚನ್ನಗಿರಿಯ ಟೈಪಿಸ್ಟು ಗ್ರಂಥಸೂಚಿಯನ್ನು ಕಣ್ಣುಮುಚ್ಚಿ ಹೊಡೆದುಕೊಡುತ್ತಿದ್ದರು. ನನಗೋ ಕುರಿಗಾಹಿಗಳ ಮಾತು ಬರೆದುಕೊಳ್ಳುವ ಬಿಳಿಚೋಡಿನ ಓಡಾಟ ಇನ್ನೂ ಮುಗಿದಿರಲಿಲ್ಲ. ಗೀಚಿಟ್ಟ ಚೀಟಿಗಳನ್ನೂ, ಅಕ್ಷರಕ್ಕೊಂದು ಖಾನೆಯಿದ್ದ ಮರದ ಪೆಟ್ಟಿಗೆಯನ್ನೂ ನ್ಯಾಮತಿಯಲ್ಲಿದ್ದ ಅಪ್ಪಾಜಿಯ ಮುಂದಿಟ್ಟು, ಸೂತ್ರ ಹೇಳಿ ಬಸ್ಸು ಹತ್ತಿದೆ. ನಿವೃತ್ತ ಮೇಷ್ಟ್ರು, ಮುತ್ತಿನಂಥ ಅಕ್ಷರ. ಇನ್ನೇನು ಬೇಕು?

ವಾಪಸು ಬಂದು ಪೆಟ್ಟಿಗೆ ತೆರೆದೆ. ‘ಶ’ ಖಾನೆ ಸಂತೆ ದಿನದ ಬಸ್ಸಿನಂತೆ ಉಬ್ಬಿತ್ತು. ‘ಲ’ ಅರ್ಧ ತುಂಬಿತ್ತು. ‘ಪ’ದಲ್ಲಿ ಕೆಲವು, ‘ಜ’ದಲ್ಲಿ ಒಂದೇ ಒಂದು. ಉಳಿದ ವರ್ಣಮಾಲೆಯೆಲ್ಲ ಖಾಲಿ. ಒಂದು ಕಾರ್ಡು ಎಳೆದೆ: ಶ್ರೀ ೭೨. ಇನ್ನೊಂದು ಎಳೆದೆ: ಅದೂ ಶ್ರೀ ೭೨. ಅಪ್ಪಾಜಿ ಬದುಕಿದ್ದ ಲೇಖಕರಿಗೆಲ್ಲ ಶ್ರೀ, ಲೇಖಕಿಯರಿಗೆ ಶ್ರೀಮತಿ, ತೀರಿಕೊಂಡವರಿಗೆ ಲಿಂಗೈಕ್ಯ, ಸ್ವಾಮಿಗಳಿಗೆ ಪರಮಪೂಜ್ಯ ಹಚ್ಚಿ, ಆಮೇಲೆ ನನ್ನ ಸೂತ್ರವನ್ನು ಚಾಚೂ ತಪ್ಪದೆ ಪಾಲಿಸಿದ್ದರು. ‘ಜ’ದ ಒಂಟಿ ಕಾರ್ಡು ಒಬ್ಬ ಜನಾಬರದು. ಬ್ರಿಟಿಷರ ಕಾಲದ ಪಾದ್ರಿಯೊಬ್ಬರು ಕೂಡ ಲಿಂಗೈಕ್ಯರಾಗಿದ್ದರು.

ಪಿತ್ತ ನೆತ್ತಿಗೇರಿತು, ಅಳುವೂ ಬಂತು. ಹೆಸರಿನ ಮೊದಲ ಅಕ್ಷರ ಅಂದಿರಲಿಲ್ಲವೇ ಎಂದು ಕೂಗಾಡಿದೆ. ಅಪ್ಪಾಜಿ ಸಾವಕಾಶವಾಗಿ ಕನ್ನಡಕ ಒರೆಸಿಕೊಂಡರು.

“ಅಂಥ ಪುಸ್ತಕ ಬರೆದೋರನ್ನ ಬೋಳು ಹೆಸರಿಡಿದು ಕರಿಯಾಕೆ ನನ್ನ ಕೈಲಿ ಆಗಲ್ಲವ್ವ. ನಾನು ಹಾಜರಿ ಕೂಗಿದ್ದು ಹುಡುಗ್ರುದು, ದೊಡ್ಡೋರುದಲ್ಲ.”

ಶ್ರೀ ತೆಗೆಯಲು ಸುತರಾಂ ಒಪ್ಪಲಿಲ್ಲ. ನಾನೂ ಅವರ ಮಗಳೇ, ಊಟ ಬಿಟ್ಟು ಕೂತೆ. ಹಸಿವು ಹೆಚ್ಚಾದ ಮೇಲೆ ತಲೆ ಓಡಿತು: ಮರ್ಯಾದೆ ಮುಂದೆಯೇ ಯಾಕಿರಬೇಕು? ಹೆಸರಿನ ಹಿಂದೆ ‘ಅವರು’ ಅಂತ ಹಚ್ಚಿದರೆ ಆಗದೇ ಎಂದು ಕೇಳಿದೆ. ಅಪ್ಪಾಜಿ, ಪಾದ್ರಿಗಳಿಗೂ ಹಚ್ಚುವುದಾದರೆ ಅಡ್ಡಿಯಿಲ್ಲ ಎಂದರು.

ಮತ್ತೆ ಮೊದಲಿಂದ ಶುರು. ಇಬ್ಬರೂ ಕೂತು ಹೊಸ ಕಾರ್ಡು ಬರೆದೆವು. ಖಾಲಿ ಬಿದ್ದಿದ್ದ ಖಾನೆಗಳಿಗೆ ಒಬ್ಬೊಬ್ಬರೇ ಒಕ್ಕಲು ಬಂದರು. ಗಡುವಿಗೆ ಮುಂಚೆಯೇ ಪೆಟ್ಟಿಗೆ ಚನ್ನಗಿರಿಗೆ ಹೊರಡಲು ಸಿದ್ಧವಾಯಿತು. ನನಗೆ ಹೋದ ಜೀವ ಬಂದಂತಾಯಿತು.

ಮುಚ್ಚಳ ಹಾಕುವ ಮುಂಚೆ ಒಮ್ಮೆ ಕಣ್ಣಾಡಿಸುವಾಗ, ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ನನ್ನದೇ ಲೇಖನದ ಕಾರ್ಡು ಸಿಕ್ಕಿತು. ಹುಟ್ಟಿದಾಗಿನಿಂದ ನನ್ನನ್ನು ‘ಲೇ ಕತ್ತೆ’ ಎಂದೇ ಕರೆದ ಮನುಷ್ಯ, ನನ್ನ ಹೆಸರಿನ ಹಿಂದೆ ದುಂಡಗೆ ‘ಅವರು’ ಎಂದು ಬರೆದಿದ್ದರು. ನನಗ್ಯಾಕೆ ಅಪ್ಪಾಜಿ, ಎಂದೆ.

ಅವರು ಪೆಟ್ಟಿಗೆಯ ಮುಚ್ಚಳ ಹಾಕಿದರು.

“ಇದರಾಗೆ ನೀನೂ ಅವರ ಸಾಲಿನೋಳೇ. ಹೊರಗೆ ನನ್ನ ಮಗಳು. ಏಳಲೇ, ಹೋಗಿ ಚಾ ಇಡು.”