ಅಕ್ಷತೆಗೆ ಮೊದಲೇ ಅಂಟಿಕೊಂಡ ಹೆಸರು

ಗೆಳೆಯರೇ, ಬೆಳಗಿನ ಜಾವ ಕೆಟ್ಟ ಕನಸು. ನಾನು ಮಾಡಿದ ಎಲ್‌ಇಡಿ ಬೋರ್ಡಿನಲ್ಲಿ ಯಾರದೋ ಹೆಸರು ಓಡುತ್ತಿತ್ತು, ಬೀಗರೆಲ್ಲ ಎದ್ದು ಹೊರಟಿದ್ದರು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಫೋನ್ ನೋಡಿ ಸಿ ಭಾಷೆ ಕಲಿತವಳು ನಾನು. ಮದುವೆಗೆ ಬೋರ್ಡು ಕೊಟ್ಟದ್ದು ಇವತ್ತೇ ಮೊದಲು. ಕೆಟ್ಟರೆ ಮುಂದೆ ಯಾರು ಕರೆಯುತ್ತಾರೆ?

ಮಹಾರಾಷ್ಟ್ರ ಗಡಿಯ ನಿಲಂಗಾದ ಮದುವೆ ಹಾಲ್‌ನಲ್ಲಿ "ಬಸವರಾಜ ಪಾಟೀಲ" ಎಂದು ವರನ ಹೆಸರನ್ನು ಇಂಗ್ಲಿಷಿನಲ್ಲಿ ಓಡಿಸಿದ್ದೇ ತಡ, ವರನ ಸೋದರಮಾವ ಬಂದರು. "ನಡುವ ಅಪ್ಪನ ಹೆಸರೇ ಇಲ್ಲಲ್ರೀ! ಅಂವಾ ಏನು ತಾನಾಗೇ ಹುಟ್ಯಾನೇನು? ಹಾಕ್ರಿ, ಇಲ್ಲಂದ್ರ ಬೋರ್ಡ್ ಇಳಸ್ರಿ."

ಕೂಡಲೇ "ಶಿವಪ್ಪ" ಸೇರಿಸಿದೆ. ಇಂಗ್ಲಿಷ್ ಅಕ್ಷರಗಳನ್ನು ಬೆರಳ ಮೇಲೆ ಎಣಿಸಿ, ಸರಿಯಾಗಿ ಅಷ್ಟೇ ಜಾಗ ಕೊಟ್ಟೆ. ಹೆಸರು ಇಲ್ಲಿಗೆ ಮುಗಿಯಿತು ಎಂದು ಹೇಳುವ ಕೊನೆಯ ಸೊನ್ನೆಗೂ ಒಂದು ಜಾಗ ಬೇಕೆಂಬುದು ಗಾಬರಿಯಲ್ಲಿ ಮರೆತೇಹೋಯಿತು. ಬೋರ್ಡು ಎಲ್ಲಿ ನಿಲ್ಲಬೇಕೋ ತಿಳಿಯದೆ ಮೆಮೊರಿಯಲ್ಲಿ ಪಕ್ಕದಲ್ಲೇ ಇದ್ದ ವಧುವಿನ ಹೆಸರನ್ನೂ ಓದಿಬಿಟ್ಟಿತು. "ಬಸವರಾಜ ಶಿವಪ್ಪ ಪಾಟೀಲಸುವರ್ಣಾ" ಎಂದು ಕೆಂಪಗೆ ಓಡತೊಡಗಿತು.

ನಾನು ಪ್ಲಗ್ ಕೀಳಲು ಓಡಿದೆ. ವಧುವಿನ ಅಜ್ಜಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಕ್ಷತಾ ಬೀಳೂದ್ಕಿಂತ ಮೊದಲೇ ಇಬ್ಬರ್ನೂ ಕೂಡಿಸಿಬಿಟ್ಟಿಯಲ್ಲ ಯವ್ವಾ! ಅಯ್ಯನೋರ್ಕಿಂತ ನಿನ್ನ ಕೈ ಜಲ್ದಿ ಅದ."

ಸೋದರಮಾವನೂ ನಕ್ಕುಬಿಟ್ಟರು. "ಇರ್ಲಿ ಬಿಡ್ರಿ. ಸಂಜಿಕ ಮನಿ ಬಾಗಿಲಿಗೂ ಒಂದು ಹಾಕ್ರಿ. ಆಗ ಆಕಿ ಹೆಸರಿನ ನಡುವ ಗಂಡ ಇರಬೇಕು, ನೋಡ್ರಿ."

ಬೋರ್ಡೂ ಉಳಿಯಿತು, ಇನ್ನೊಂದು ಕೆಲಸವೂ ಬಂತು. ಈ ಸಲ ಮೂರು ಬಾರಿ ಎಣಿಸಿದ್ದೇನೆ. SUVARNA BASAVARAJ PATIL, ಸೊನ್ನೆಯೂ ಸೇರಿ ಇಪ್ಪತ್ತನಾಲ್ಕು ತಾನೇ? ಯಾರಾದರೂ ಇನ್ನೊಮ್ಮೆ ಎಣಿಸಿ ಹೇಳಿ, ಸಂಜೆಯೊಳಗೆ.