ಮಾಲಕನಿಲ್ಲದ ಜಾಲ

ಸವದತ್ತಿಯ ನಮ್ಮ ಕಾಕಾ ನಿವೃತ್ತ ಡ್ರಾಯಿಂಗ್ ಮಾಸ್ತರರು. ದಿನಾ ಬೆಳಿಗ್ಗೆ ಮಲಪ್ರಭೆಯ ಹಿನ್ನೀರಿಗೆ ಹೋಗಿ ಹಕ್ಕಿಗಳ ಫೋಟೋ ತೆಗೆಯುತ್ತಾರೆ. ಅವನ್ನು ಹಾಕಲೆಂದು ಅವರನ್ನು ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣಕ್ಕೆ ಸೇರಿಸಿದವನು ನಾನೇ. "ಇಲ್ಲೆ ಜಾಹೀರಾತಿಲ್ಲ, ಒಬ್ಬ ಮಾಲಕ ಅಂತನೂ ಇಲ್ರಿ. ಸಾವಿರಾರು ಸಣ್ಣ ಸರ್ವರ್ ಕೂಡಿ ನಡೀತಾವ" ಎಂದು ಹುರುಪಿನಿಂದ ಹೇಳಿದ್ದೆ. ಅಲ್ಲಿ ಫಿನ್ಲೆಂಡಿನ ಅಜ್ಜಿಯೊಬ್ಬರು ಅವರ ಪ್ರತಿ ಫೋಟೋದ ಕೆಳಗೂ ನಾಲ್ಕು ಮಾತು ಬರೆಯತೊಡಗಿದ್ದರು.

ಕಳೆದ ತಿಂಗಳು ಅವರ ಫೋನ್ ಬಂತು. "ಲಗೂನ ಬಾ. ನನ್ನ ಹಕ್ಕಿ ಎಲ್ಲಾ ಹಾರಿ ಹೊಂಟಾವ."

ರಾಮದುರ್ಗದಿಂದ ಬಸ್ ಹಿಡಿದು ಹೋದೆ. ನೋಡಿದರೆ, ಅವರ ಖಾತೆಯಿದ್ದ ಸರ್ವರನ್ನು ನಡೆಸುತ್ತಿದ್ದ ಪುಣ್ಯಾತ್ಮ ತನಗೆ ಸಾಕಾಗಿದೆಯೆಂದು ಅದನ್ನು ಮುಚ್ಚುತ್ತಿದ್ದ.

"ಮಾಲಕ ಇಲ್ಲ ಅಂದಿದ್ದಿಯಲ್ಲ?"

"ಎಲ್ಲಾದಕ್ಕೂ ಕೂಡಿ ಒಬ್ಬನ ಒಬ್ಬ ಮಾಲಕ ಇಲ್ಲ ಅಂದಿದ್ದೆ ಕಾಕಾ. ಒಂದೊಂದು ಸರ್ವರಿಗೆ ಒಬ್ಬೊಬ್ಬರು ಇರ್ತಾರ್ರಿ."

"ಅಂದ್ರ ಸಾವಿರ ಮಂದಿ ಮಾಲಕರು! ಮೊದಲ ಹೇಳಬಾರದೇನು?"

ಮಧ್ಯಾಹ್ನವೆಲ್ಲ ಕೂತು ಖಾತೆಯನ್ನು ಬೇರೆ ಸರ್ವರಿಗೆ ಸಾಗಿಸಿದೆ. ಅವರನ್ನು ಹಿಂಬಾಲಿಸುತ್ತಿದ್ದವರು ಜೊತೆಗೆ ಬಂದರು, ಹಾಕಿದ್ದ ಫೋಟೋಗಳು ಬರಲಿಲ್ಲ. ಅವು ಮೊಬೈಲಿನಲ್ಲಿವೆಯಲ್ಲ ಎಂದು ಸಮಾಧಾನ ಹೇಳಿದೆ.

"ಫೋಟೋ ಅದಾವಪಾ. ಅವುಗಳ ಕೆಳಗ ಆ ಫಿನ್ಲೆಂಡಿನ ಅಜ್ಜಿ ಬರದದ್ದು?"

ಹಳೆಯದೇನೂ ಜೊತೆಗೆ ಬರದಂತೆ ನಿಯಮ ಮಾಡಿದವರ ಮೇಲೂ ನನ್ನ ಮೇಲೂ ಒಟ್ಟಿಗೇ ಸಿಟ್ಟು ಬಂತು. ಕಾಕಾ ಮಾತ್ರ ಹಳೆಯ ಮಿಂಚುಳ್ಳಿಯ ಫೋಟೋ ಒಂದನ್ನು ಹೊಸ ಖಾತೆಯಲ್ಲಿ ಹಾಕಿದರು. ಸ್ವಲ್ಪ ಹೊತ್ತಿಗೆ ಅಜ್ಜಿಯ ಉತ್ತರ ಇಂಗ್ಲಿಷಿನಲ್ಲಿ ಬಂತು: "ಇದನ್ನು ಮೊದಲೇ ನೋಡಿದ್ದೆ. ಮತ್ತೆ ನೋಡಿ ಸಂತೋಷವಾಯಿತು."

ಕಾಕಾ ನಕ್ಕರು. ಅದೇ ಒಳ್ಳೆಯ ಗಳಿಗೆಯೆಂದು, ನಿಮ್ಮ ಲ್ಯಾಪ್‌ಟಾಪಿಗೂ ವಿಂಡೋಸ್ ಬದಲು, ಒಬ್ಬ ಮಾಲಕನಿಲ್ಲದ ಲಿನಕ್ಸ್ ಹಾಕಿಕೊಡಲೇ ಎಂದು ಕೇಳಿದೆ.

"ಚಹಾ ಕುಡದು ಬಸ್ ಹಿಡಿಯಪಾ" ಅಂದರು.