ಅಮ್ಮನ ಮಾತಿನ ಮುಂದಿಟ್ಟ ಗುರುತು

ಟೋಕಿಯೊದ ಜಿಂಬೋಚೊ ಕೇರಿಯ ಹಳೇ ಪುಸ್ತಕದಂಗಡಿಗಳ ಬಾಗಿಲು ತೆರೆಯಲು ಇನ್ನೂ ಹೊತ್ತಿದೆ. ಮೂರನೇ ಮಹಡಿಯ ನಿಘಂಟು ಕಚೇರಿಯಲ್ಲಿ ಒಂದೇ ದೀಪ. ಅದರಡಿ ಅಸಾನುಮಾ ಚಿಸೆ ಕೆಂಪು ಪೆನ್ಸಿಲ್ ಹಿಡಿದು ಕರಡಚ್ಚಿನ ಹಾಳೆಯ ಮೇಲೆ ಬಾಗಿದ್ದಾರೆ. ಇಂದಿನ ಜಪಾನಿ ಮಾತಿನ ನಿಘಂಟಿನಲ್ಲಿ ಕ್ರಿಯಾಪದಗಳ ಹಳೆಯ ರೂಪಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಒಂದೊಂದನ್ನೂ ಮೆಲ್ಲಗೆ ಬಾಯಲ್ಲಿ ಅಂದು ನೋಡುತ್ತಾರೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿದರೆ ತುಟಿ ನಿಲ್ಲುತ್ತದೆ.

ಅಂಥ ರೂಪಗಳ ಮುಂದೆ ಸಣ್ಣ ಕಠಾರಿಯ ಗುರುತಿರುತ್ತದೆ. ಈಗ ಯಾರೂ ಆಡುವುದಿಲ್ಲ ಎಂದರ್ಥ. ಅದನ್ನು ಇಡುವವರೂ ಚಿಸೆಯೇ.

ಅವರು ಹುಟ್ಟಿದ್ದು ಟೋಕಿಯೊದಿಂದ ಒಂದು ರಾತ್ರಿಯ ಹಡಗಿನ ದಾರಿಯಾಚೆ, ಹಚಿಜೋ ದ್ವೀಪದಲ್ಲಿ. ಅಲ್ಲಿನ ಮುದುಕಿಯರು ಮೀನು ಒಣಗಿಸುತ್ತ, ಮಗ್ಗದ ಮುಂದೆ ಕೂತು ಬೈದಾಡುತ್ತ ಬಳಸುವ ಕೆಲವು ರೂಪಗಳು ಟೋಕಿಯೊದವರಿಗೆ ಹಳೆಯ ಗ್ರಂಥಗಳಿಂದಷ್ಟೇ ಗೊತ್ತು. ನಮ್ಮಲ್ಲಿ ಯಾರಾದರೂ ಬಸ್ಸಿಗೆ ಕಾಯುತ್ತ ಹಳಗನ್ನಡದಲ್ಲಿ 'ಬರ್ಪೆಂ' ಎಂದ ಹಾಗೆ. ಓದಲು ಟೋಕಿಯೊಗೆ ಬಂದ ಹೊಸತರಲ್ಲಿ ಚಿಸೆಯ ಬಾಯಿಂದಲೂ ಅಂಥದ್ದು ಬಂತು. ಎದುರು ಕೂತ ನನಗೆ ಹೇಳುತ್ತಾರೆ:

"ಹಾಸ್ಟೆಲಿನ ಹುಡುಗೀರು ಊಟದ ತಟ್ಟೆ ಹಿಡ್ಕೊಂಡೇ ನಂಗೆ ತಲೆ ಬಾಗಿಸಿದ್ರು. 'ಮಹಾರಾಣಿಯವರು ಯಾವ ಶತಮಾನದಿಂದ ಬಂದ್ರಿ' ಅಂದ್ರು. ಮಾರನೇ ದಿನದಿಂದ ರೇಡಿಯೊ ಥರ ಮಾತಾಡೋಕೆ ಶುರು ಮಾಡ್ದೆ."

ಕಳೆದ ಆವೃತ್ತಿಯ ಸಭೆಯಲ್ಲಿ ಆ ರೂಪಗಳನ್ನು ತೋರಿಸಿ ಪ್ರಧಾನ ಸಂಪಾದಕ ಕುಝೆ ಕೇಳಿದ್ದರು: "ಇವನ್ನ ಈಗ ಯಾರಾದ್ರೂ ಎಲ್ಲಾದ್ರೂ ಆಡ್ತಾರೇನ್ರಿ?" ಚಿಸೆ ಚಹಾ ಲೋಟ ನೋಡುತ್ತ ಕೂತಿದ್ದರು. ಗುರುತು ಬಿತ್ತು. ಅಚ್ಚಾದ ನಿಘಂಟನ್ನು ತಾವೇ ಊರಿಗೆ ಒಯ್ದು ಅಮ್ಮನ ಮಡಿಲಲ್ಲಿಟ್ಟರು.

ಅಮ್ಮ ತೋಮೆ ಭೂತಗನ್ನಡಿ ಹಿಡಿದು ಮೊದಲು ಹುಡುಕಿದ್ದು ತಮ್ಮ ಮಾತನ್ನೇ. "ಈ ಕಠಾರಿ ಏನೇ?" ಎಂದರು. ಮಗಳು ಹೇಳಿದರು.

"ಹಾಗಾದ್ರೆ ನಾನು ಸತ್ತು ಎಷ್ಟು ವರ್ಷ ಆಯ್ತು? ಎಡೆಗೆ ಒಂದು ಗುಟುಕು ಷೋಚು ಸಾರಾಯಿ ಆದ್ರೂ ಇಟ್ಯೇನೇ?"

ಕೂತಿದ್ದ ನೆರೆಯ ಹೆಂಗಸರೆಲ್ಲ ನಕ್ಕರು. ಚಿಸೆಯೂ ನಕ್ಕರು. ಮುಂದಿನ ವಾರ ಫೋನ್ ಮಾಡಿದಾಗ ಅಮ್ಮ ಟೋಕಿಯೊದ ಮಾತಿನಲ್ಲಿ ಶುರು ಮಾಡಿದರು, ಟೀವಿಯಲ್ಲಿ ಹವಾಮಾನ ಹೇಳುವವರ ಹಾಗೆ, ತಡೆದು ತಡೆದು. ಅಂದಿನಿಂದ ಹಾಗೇ.

"ಪಕ್ಕದ ಮನೆಯವ್ರ ಹತ್ರ ಜಗಳ ಎಲ್ಲ ಹಳೇ ಥರಾನೇ. ನನ್ನ ಹತ್ರ ಮಾತ್ರ ಹೀಗೆ, ಗುರುತಿಲ್ಲದವರ ಮನೇಲಿ ಕೂತ ಹಾಗೆ" ಎನ್ನುತ್ತಾರೆ ಚಿಸೆ.

ಹೊಸ ಆವೃತ್ತಿಗೆ ಜಾಗ ಸಾಲದು, ಕಠಾರಿ ಬಿದ್ದವನ್ನೆಲ್ಲ ತೆಗೆದುಹಾಕೋಣ ಎಂದು ಕುಝೆ ಅಂದ ದಿನ ಚಿಸೆ ಬಾಯಿಬಿಟ್ಟರು. "ನಮ್ಮಮ್ಮ ಆಡ್ತಾಳೆ."

"ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?"

"ನಾಚಿಕೆ ಆಗ್ತಿತ್ತು."

"ಈಗ?"

"ಈಗ್ಲೂ ಆಗುತ್ತೆ. ಆದ್ರೆ ಆ ನಾಚಿಕೆ ಅಲ್ಲ."

ರೂಪಗಳು ಉಳಿದಿವೆ. ಈ ಬೆಳಗ್ಗೆ ಅಮ್ಮನ ಬಾಯಲ್ಲಿರುವವನ್ನು ಹುಡುಕಿ, ಅವುಗಳ ಮುಂದಿನ ಕಠಾರಿಗಳನ್ನು ಚಿಸೆ ಹೊಡೆದುಹಾಕುತ್ತಿದ್ದಾರೆ. ತಲೆ ಎತ್ತದೆಯೇ ಹೇಳುತ್ತಾರೆ: "ಒಂದ್ಸಲ ಅವಳು ಊರ ಮಾತಲ್ಲಿ ನಂಗೆ ಬೈದ್ರೆ ಸಾಕು."

ಕೊನೆಯದನ್ನು ಹೊಡೆದು ಫೋನ್ ಎತ್ತಿಕೊಳ್ಳುತ್ತಾರೆ. ದ್ವೀಪದ ಮಾತಿನಲ್ಲೇ, ನಾನು ಕೇಳುತ್ತಿರುವಾಗಲೇ, ಗಟ್ಟಿಯಾಗಿ: "ಅಮ್ಮಾ, ಕಠಾರಿ ತೆಗೆದ್ಹಾಕ್ದೆ ಕಣೇ."

ಆ ಕಡೆಯಿಂದ ಅಮ್ಮನ ದನಿ. ಟೋಕಿಯೊದ ಮಾತಿನಲ್ಲಿ, ಎಲ್ಲೂ ತಪ್ಪದಂತೆ ಎಚ್ಚರದಿಂದ:

"ತುಂಬಾ ಸಂತೋಷ. ತಮ್ಮ ತಿಂಡಿ ಆಯಿತೇ?"